ಪಂದ್ಯವೊಂದಕ್ಕೆ 10 ಕಿ.ಮೀ. ಓಟ: ಫುಟ್‌ಬಾಲ್ ರೆಫರಿಗೆ ಎಷ್ಟು ಫಿಟ್ನೆಸ್ ಬೇಕು? ಫಿಫಾ ಪರೀಕ್ಷೆ ಹೇಗಿರುತ್ತೆ? ಇಲ್ಲಿದೆ ಮಾಹಿತಿ

ಫುಟ್‌ಬಾಲ್‌ನಲ್ಲಿ ದಣಿದ ಆಟಗಾರನನ್ನು ಕೋಚ್ ಹೊರಗೆ ಕರೆದು ಬದಲಿ ಆಟಗಾರನನ್ನು ಇಳಿಸಬಹುದು. ರೆಫರಿಗೆ ಆ ಅನುಕೂಲವಿಲ್ಲ. ಗಾಯ, ಅನಾರೋಗ್ಯದಂಥ ಕಾರಣವಿಲ್ಲದಿದ್ದರೆ 90 ನಿಮಿಷವೂ ಅವರೇ ಓಡಬೇಕು. ಮೈದಾನದಲ್ಲಿರುವ ಬಹುತೇಕ ಆಟಗಾರರಿಗಿಂತ ಅವರು ವಯಸ್ಸಿನಲ್ಲೂ ಹಿರಿಯರು. ಹಾಗಾದರೆ ಅವರ ದೇಹ ಹೇಗಿರಬೇಕು?

ಒಂದು ಪಂದ್ಯದಲ್ಲಿ ಎಷ್ಟು ಓಟ?

ಉನ್ನತ ಮಟ್ಟದ ಪಂದ್ಯದಲ್ಲಿ ಮುಖ್ಯ ರೆಫರಿ ಸುಮಾರು 10ರಿಂದ 12 ಕಿ.ಮೀ. ಕ್ರಮಿಸುತ್ತಾರೆ. ಇದು ಒಂದೇ ವೇಗದ ಓಟವಲ್ಲ. ನಡಿಗೆ, ಜಾಗಿಂಗ್, ಹಿಮ್ಮುಖ ಓಟ, ದಿಢೀರ್ ಸ್ಪ್ರಿಂಟ್ ಎಲ್ಲವೂ ಸೇರಿರುತ್ತವೆ. ಪಂದ್ಯದುದ್ದಕ್ಕೂ ಹೃದಯ ಬಡಿತ ಸರಾಸರಿ ಗರಿಷ್ಠ ಮಟ್ಟದ ಶೇ. 85ರ ಆಸುಪಾಸಿನಲ್ಲಿರುತ್ತದೆ. ಆ ಸ್ಥಿತಿಯಲ್ಲೇ ಪೆನಾಲ್ಟಿ, ರೆಡ್ ಕಾರ್ಡ್‌ನಂಥ ತೀರ್ಮಾನವನ್ನು ಕ್ಷಣಾರ್ಧದಲ್ಲಿ ಕೈಗೊಳ್ಳಬೇಕು.

ಫಿಫಾ ಪರೀಕ್ಷೆಯಲ್ಲಿ ಏನಿರುತ್ತೆ?

ಅಂತಾರಾಷ್ಟ್ರೀಯ ರೆಫರಿಗಳ ಫಿಟ್ನೆಸ್ ಪರೀಕ್ಷೆಯಲ್ಲಿ ಎರಡು ಹಂತಗಳಿವೆ.

* ಸ್ಪ್ರಿಂಟ್: 40 ಮೀಟರ್ ಓಟ, 6 ಬಾರಿ. ಪುರುಷರು ಪ್ರತಿ ಓಟವನ್ನು 6 ಸೆಕೆಂಡ್, ಮಹಿಳೆಯರು 6.4 ಸೆಕೆಂಡ್ ಒಳಗೆ ಮುಗಿಸಬೇಕು. ನಡುವೆ ಸಿಗುವ ವಿರಾಮ ಗರಿಷ್ಠ 60 ಸೆಕೆಂಡ್.
* ಇಂಟರ್ವಲ್ ಓಟ: 75 ಮೀಟರ್ ಓಟ, 25 ಮೀಟರ್ ನಡಿಗೆ. ಹೀಗೆ 40 ಬಾರಿ, ಅಂದರೆ 400 ಮೀಟರ್ ಟ್ರ್ಯಾಕ್‌ನಲ್ಲಿ 10 ಸುತ್ತು. ಪುರುಷರಿಗೆ ಓಟಕ್ಕೆ 15 ಸೆಕೆಂಡ್, ನಡಿಗೆಗೆ 18 ಸೆಕೆಂಡ್. ಮಹಿಳೆಯರಿಗೆ 17 ಮತ್ತು 20 ಸೆಕೆಂಡ್.

ಪುರುಷರ ಲೆಕ್ಕ ಹಾಕಿದರೆ 4 ಕಿ.ಮೀ.ಗೆ 22 ನಿಮಿಷ. ಪ್ರತಿ ಬಾರಿಯೂ 75 ಮೀಟರ್ ಅನ್ನು ಗಂಟೆಗೆ 18 ಕಿ.ಮೀ. ವೇಗದಲ್ಲಿ ಓಡಬೇಕು. ಸಹಾಯಕ ರೆಫರಿಗಳಿಗೆ ದಿಕ್ಕು ಬದಲಿಸಿ ಓಡುವ ಪ್ರತ್ಯೇಕ ಪರೀಕ್ಷೆಯೂ ಇದೆ, ಏಕೆಂದರೆ ಆಫ್‌ಸೈಡ್ ಗಮನಿಸುವ ಅವರು ಅಡ್ಡಡ್ಡವಾಗಿಯೂ ಓಡಬೇಕಾಗುತ್ತದೆ. ಪುರುಷರ ಪಂದ್ಯ ನಡೆಸುವ ಮಹಿಳಾ ರೆಫರಿಗಳು ಪುರುಷರ ಮಾನದಂಡವನ್ನೇ ಮುಟ್ಟಬೇಕು. 2022ರ ವಿಶ್ವಕಪ್‌ನಲ್ಲಿ ಕೋಸ್ಟರಿಕಾ-ಜರ್ಮನಿ ಪಂದ್ಯ ನಡೆಸಿದ ಫ್ರಾನ್ಸ್‌ನ ಸ್ಟೆಫನಿ ಫ್ರಪ್ಪಾರ್ ಇದಕ್ಕೆ ಉದಾಹರಣೆ.

ನೋಟಕ್ಕೆ ದಪ್ಪ, ಓಟದಲ್ಲಿ ಮುಂದೆ

ಮೈಕಟ್ಟು ನೋಡಿ ಫಿಟ್ನೆಸ್ ಅಳೆದರೆ ಎಡವಟ್ಟಾಗಬಹುದು. 2009ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಸಂಡರ್‌ಲ್ಯಾಂಡ್ ಪಂದ್ಯ 2-2ರಲ್ಲಿ ಡ್ರಾ ಆಯಿತು. ರೆಫರಿ ಅಲನ್ ವೈಲಿ ಫಿಟ್ ಆಗಿಲ್ಲ ಎಂದು ಯುನೈಟೆಡ್ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಬಹಿರಂಗವಾಗಿ ದೂರಿದರು. ಆದರೆ ಪಂದ್ಯದ ಅಂಕಿಅಂಶ ಬೇರೆಯೇ ಹೇಳಿತು. ವೈಲಿ ಅಂದು 11,039 ಮೀಟರ್ ಕ್ರಮಿಸಿದ್ದರು, ಇದು ಯುನೈಟೆಡ್‌ನ ಬಹುತೇಕ ಆಟಗಾರರಿಗಿಂತ ಹೆಚ್ಚು. ಫರ್ಗುಸನ್‌ಗೆ ನಿಷೇಧದ ಜೊತೆಗೆ 20,000 ಪೌಂಡ್ ದಂಡ ಬಿತ್ತು.

ಹಾಗಾದರೆ ತೂಕ ಮುಖ್ಯವಲ್ಲವೇ?

ಮುಖ್ಯವೇ. ಆದರೆ ನೋಡಬೇಕಾದ್ದು ಒಟ್ಟು ತೂಕಕ್ಕಿಂತ ಅದರಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂಬುದನ್ನು. ಸ್ನಾಯು ಓಟಕ್ಕೆ ಬಲ ಕೊಡುತ್ತದೆ, ಹೆಚ್ಚುವರಿ ಕೊಬ್ಬು ಬರೀ ಹೊರೆ. ಉದಾಹರಣೆಗೆ, ನಿಮಿಷಕ್ಕೆ ಗರಿಷ್ಠ 4 ಲೀಟರ್ ಆಮ್ಲಜನಕ ಬಳಸಬಲ್ಲ 80 ಕೆ.ಜಿ. ವ್ಯಕ್ತಿಗೆ ಪ್ರತಿ ಕೆ.ಜಿ.ಗೆ 50 ಮಿ.ಲೀ. ಸಿಗುತ್ತದೆ. ಅದೇ ವ್ಯಕ್ತಿ 5 ಕೆ.ಜಿ. ಕೊಬ್ಬು ಕರಗಿಸಿದರೆ ಇದು ಸುಮಾರು 53ಕ್ಕೆ ಏರುತ್ತದೆ. ಹೃದಯದ ಸಾಮರ್ಥ್ಯ ಬದಲಾಗದಿದ್ದರೂ ಓಟ ಹಗುರವಾಗುತ್ತದೆ.

ಭಾರತೀಯರಲ್ಲಿ ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಅದೇ ಬಿಎಂಐ ಇರುವ ಯುರೋಪಿಯನ್ನರಿಗೆ ಹೋಲಿಸಿದರೆ ನಮ್ಮಲ್ಲಿ ಕೊಬ್ಬಿನಂಶ ಹೆಚ್ಚು. ಹೀಗಾಗಿ ಇಲ್ಲಿ ಬಿಎಂಐ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎನ್ನಲಾಗುತ್ತದೆ. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರಿದರೆ ಎಚ್ಚರಿಕೆ ಅಗತ್ಯ. ಬಯೋಇಂಪೆಡೆನ್ಸ್ ಯಂತ್ರದಲ್ಲಿ ಕೊಬ್ಬಿನಂಶ ಅಳೆಸುವುದಾದರೆ, ದೇಹದ ನೀರಿನಂಶಕ್ಕೆ ತಕ್ಕಂತೆ ಫಲಿತಾಂಶ ಏರುಪೇರಾಗುತ್ತದೆ ಎಂಬುದು ನೆನಪಿರಲಿ. ಪ್ರತಿ ಬಾರಿ ಒಂದೇ ಹೊತ್ತಿನಲ್ಲಿ, ಒಂದೇ ವಿಧಾನದಲ್ಲಿ ಅಳೆದರೆ ಮಾತ್ರ ಹೋಲಿಕೆ ಸಾಧ್ಯ.

ಗ್ರೇಟರ್ ನೋಯ್ಡಾ, ಬೆಂಗಳೂರು: ಸವಾಲು ಬೇರೆ ಬೇರೆ

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಕೇಂದ್ರ ಕಚೇರಿ ಇರುವುದು ದೆಹಲಿಯ ದ್ವಾರಕಾದಲ್ಲಿ. ಆದರೆ ಗ್ರೇಟರ್ ನೋಯ್ಡಾ ಸೇರಿದಂತೆ ದೆಹಲಿ ಎನ್‌ಸಿಆರ್‌ನಲ್ಲಿ ಹೊರಾಂಗಣ ತರಬೇತಿ ಸುಲಭವಲ್ಲ. ಮೇ-ಜೂನ್‌ನಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ, ಚಳಿಗಾಲದಲ್ಲಿ ವಾಯುಮಾಲಿನ್ಯ ಕಾಡುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಹವೆ ಓಟಕ್ಕೆ ಹೆಚ್ಚು ಅನುಕೂಲಕರ. ಆದರೆ ಎರಡೂ ಕಡೆ ಸ್ಥಳೀಯ ಲೀಗ್‌ಗಳ ರೆಫರಿಗಳಲ್ಲಿ ಹಲವರು ಬೇರೆ ಉದ್ಯೋಗದಲ್ಲಿರುವವರು. ಕೆಲಸಕ್ಕೆ ಮುನ್ನ ಅಥವಾ ನಂತರ ಸಿಗುವ ಒಂದೆರಡು ಗಂಟೆಯಲ್ಲೇ ಅವರ ತಯಾರಿ. 2002ರ ವಿಶ್ವಕಪ್‌ನಲ್ಲಿ ಸಹಾಯಕ ರೆಫರಿಯಾಗಿದ್ದ ಕೆ. ಶಂಕರ್ ಅವರಂತೆ ಆ ಮಟ್ಟ ತಲುಪಿದ ಭಾರತೀಯರು ತೀರಾ ವಿರಳ.

ರೆಫರಿ ಆಗಬೇಕೆಂದರೆ ಏನು ಮಾಡಬೇಕು?

* ಆಯಾ ರಾಜ್ಯದ ಫುಟ್‌ಬಾಲ್ ಸಂಸ್ಥೆಯನ್ನು ಸಂಪರ್ಕಿಸಿ. ಕರ್ನಾಟಕದಲ್ಲಿ ಇದು ಕೆಎಸ್‌ಎಫ್‌ಎ.
* ನಿಯಮಗಳ ಜ್ಞಾನದಷ್ಟೇ ಫಿಟ್ನೆಸ್‌ಗೂ ಗಮನ ಕೊಡಿ.
* ವಾರವಿಡೀ ನಿಧಾನ ಓಟವಷ್ಟೇ ಸಾಲದು. ಇಂಟರ್ವಲ್ ಓಟ, ಸ್ಪ್ರಿಂಟ್, ಕಾಲಿನ ಬಲ ಹೆಚ್ಚಿಸುವ ವ್ಯಾಯಾಮ ಸೇರಿಸಿ.
* ಪರೀಕ್ಷೆ ಹತ್ತಿರ ಬಂದಾಗ ಊಟ ಬಿಟ್ಟು ತೂಕ ಇಳಿಸಬೇಡಿ. ಹೀಗೆ ಮಾಡಿದರೆ ಸ್ನಾಯುವೂ ಕರಗುತ್ತದೆ.
* 35 ದಾಟಿದವರು, ಕುಟುಂಬದಲ್ಲಿ ಹೃದ್ರೋಗ ಇರುವವರು, ಬಿಪಿ ಅಥವಾ ಮಧುಮೇಹ ಇರುವವರು ತೀವ್ರ ತರಬೇತಿಗೆ ಮುನ್ನ ವೈದ್ಯರಿಂದ ಹೃದಯ ತಪಾಸಣೆ ಮಾಡಿಸಿಕೊಳ್ಳಿ. ಓಡುವಾಗ ಎದೆನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ.