ಮರ ಹುಟ್ಟುವ ಮೊದಲಿನ ಎಣ್ಣೆ

1991ರಲ್ಲಿ ಆಯಿಲ್ ಇಂಡಿಯಾ ಕಂಪನಿ ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯ ಬಾಘೇವಾಲಾದಲ್ಲಿ ಕೊರೆಸಿದ ಬಾವಿಯಲ್ಲಿ ಎಣ್ಣೆ ಸಿಕ್ಕಿತು. ಗಂಧಕ ತುಂಬಿದ, ಸುಲಭವಾಗಿ ಹರಿಯಲೊಲ್ಲದ ಮಂದ ಎಣ್ಣೆ. ಸಾವಿರ ಮೀಟರಿಗೂ ಕೆಳಗೆ ಅದು ತಂಗಿದ್ದ ಜೋಧಪುರ ಮರಳುಗಲ್ಲಿಗೆ ಹತ್ತಿರಹತ್ತಿರ 55 ಕೋಟಿ ವರ್ಷ ವಯಸ್ಸು. ಮುಂಬೈ ಹೈ, ಖಂಭಾತಗಳ ಎಣ್ಣೆ ಹುಟ್ಟಿದ ಕಲ್ಲುಗಳು ಆರೇಳು ಕೋಟಿ ವರ್ಷದೊಳಗಿನವು; ಇದರ ಮುಂದೆ ನಿನ್ನೆ ಮೊನ್ನೆಯವು.

ಅಷ್ಟು ಹಳೆಯ ಕಲ್ಲಿನಲ್ಲಿ ಎಣ್ಣೆ ಹುಡುಕುವುದು ದಂಡ ಎಂದು ಅನೇಕ ಭೂವಿಜ್ಞಾನಿಗಳು ಬಹುಕಾಲ ಭಾವಿಸಿದ್ದರು. ಕಾರಣ ಸುಳ್ಳೇನಲ್ಲ. ಕೆಸರಿನಲ್ಲಿ ಹೂತುಹೋದ ಪಾಚಿ, ಬ್ಯಾಕ್ಟೀರಿಯಾಗಳು ಸುಮಾರು 60ರಿಂದ 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದರೆ ಎಣ್ಣೆ. ಇನ್ನೂ ಕಾದರೆ ಅನಿಲ, ಆಮೇಲೆ ಬರಿ ಮಸಿ. ಇಷ್ಟು ಕೋಟಿ ವರ್ಷ ಆ ಹದ ಕೆಡದೆ ಉಳಿದೀತೆ? ಆದರೆ ಆಸ್ಟ್ರೇಲಿಯಾದ ಮೆಕಾರ್ಥರ್ ಬೇಸಿನ್ನಿನಲ್ಲಿ 140 ಕೋಟಿ ವರ್ಷಕ್ಕೂ ಹಳೆಯ ಕಲ್ಲುಗಳಲ್ಲಿ ಎಣ್ಣೆ ಕಂಡ ವರದಿ 1986ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಬಂದಿತ್ತು. ಕಲ್ಲಿನ ವಯಸ್ಸಿಗಿಂತ ಅದು ಪಟ್ಟ ಶಾಖ ಮುಖ್ಯ.

ಆ ಶಾಖವನ್ನು ಅಳೆಯುವುದೇ ಕಷ್ಟ. ಸಾಮಾನ್ಯವಾಗಿ ಕಲ್ಲಿನೊಳಗೆ ಇದ್ದಿಲಾದ ಮರದ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಅದು ಎಷ್ಟು ಹೊಳೆಯುತ್ತದೆ ಎಂದು ನೋಡುತ್ತಾರೆ; ಹೆಚ್ಚು ಬೆಂದಷ್ಟೂ ಹೊಳಪು ಹೆಚ್ಚು. 55 ಕೋಟಿ ವರ್ಷದ ಹಿಂದೆ ನೆಲದ ಮೇಲೆ ಮರವೇ ಇರಲಿಲ್ಲ. ಕಲ್ಲಿನ ಪುಡಿ ಕಾಯಿಸಿ, ಹೊರಬರುವ ಹೈಡ್ರೋಕಾರ್ಬನ್ ಅಳೆಯುವ ರಾಕ್-ಇವಾಲ್ ಯಂತ್ರವಿದೆ. ಆದರೆ ಅದಕ್ಕೆ ಎಣ್ಣೆ ಹುಟ್ಟಿಸಿದ ಕಲ್ಲೇ ಕೈಯಲ್ಲಿರಬೇಕು. ಬಾಘೇವಾಲಾದಲ್ಲಿ ಸಿಕ್ಕಿದ್ದು ಎಣ್ಣೆ ಬಂದು ಸೇರಿದ ಮರಳುಗಲ್ಲು.

ಕೆನೆತ್ ಪೀಟರ್ಸ್ ಮತ್ತು ಸಂಗಡಿಗರು ಎಣ್ಣೆಯನ್ನೇ ವಿಚಾರಿಸಿದರು. ಜೀವಿ ಸತ್ತು ಕೋಟ್ಯಂತರ ವರ್ಷವಾದರೂ ಅದರ ಕೊಬ್ಬಿನ ಅಣುಗಳ ಎಲುಬುಗೂಡು ಎಣ್ಣೆಯಲ್ಲಿ ಉಳಿದಿರುತ್ತದೆ. (ಪೆಟ್ರೋಲಿಯಂ ಎಂದರೆ ಕಲ್ಲೆಣ್ಣೆ, ಕಲ್ಲಿಗಿಂತ ಜೀವಿಯ ಗುರುತೇ ಅದರಲ್ಲಿ ಹೆಚ್ಚು.) 1995ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ನೆಲದ ಗಿಡಮರಗಳ ಸುಳಿವಿರಲಿಲ್ಲ. ಎಣ್ಣೆ ಹೆಚ್ಚು ಬೆಂದಿರಲಿಲ್ಲ. ಅದಕ್ಕೆ ಹತ್ತಿರದ ಹೋಲಿಕೆ ಸಿಕ್ಕಿದ್ದು ಭಾರತದಲ್ಲಲ್ಲ, ಒಮಾನಿನ ಹುಕ್ಫ್ ಶಿಲೆಗಳ ಎಣ್ಣೆಯಲ್ಲಿ. ಅರಬ್ಬೀ ಸಮುದ್ರ ಇನ್ನೂ ಹುಟ್ಟದ ಆ ಕಾಲದಲ್ಲಿ ರಾಜಸ್ಥಾನ, ಒಮಾನ್ ಎರಡೂ ಗೋಂಡ್ವಾನಾದ ಒಂದೇ ಅಂಚಿನ ನೆರೆಹೊರೆ. ಒಮಾನ್ ಆ ಹಳೆಯ ಎಣ್ಣೆಯನ್ನು ಆಗಲೇ ವರ್ಷಗಳಿಂದ ತೆಗೆಯುತ್ತಿತ್ತು.

ಇಲ್ಲಿ ಹಾಗಾಗಲಿಲ್ಲ. ಎಣ್ಣೆ ಇದೆ ಎಂದು ತಿಳಿಯುವುದು ಬೇರೆ, ಮೇಲೆತ್ತುವುದು ಬೇರೆ. ಬಾವಿಗೆ ಬಿಸಿ ಹಬೆ ನುಗ್ಗಿಸಿ, ಎಣ್ಣೆ ತೆಳುವಾದ ಮೇಲೆ ಎತ್ತುವ ಹೊತ್ತಿಗೆ ಕಾಲು ಶತಮಾನ ಸರಿದಿತ್ತು.

ಸರ್ಕಾರ ಎಣ್ಣೆಯ ದೃಷ್ಟಿಯಿಂದ ಪಟ್ಟಿ ಮಾಡಿದ 26 ಬೇಸಿನ್‌ಗಳಲ್ಲಿ ಕರ್ನಾಟಕದ ಭೀಮಾ-ಕಲಾದಗಿಯೂ ಒಂದು. ರಾಜಸ್ಥಾನದ ಈ ಕಲ್ಲಿಗಿಂತ ಹಳೆಯದು. ಪುಣೆ, ಹೈದರಾಬಾದುಗಳ ಹಳೆ ಮನೆಗಳ ನೆಲದಲ್ಲಿರುವ ಶಹಾಬಾದ್ ಫರ್ಶಿ ಅಲ್ಲಿಯ ಸುಣ್ಣದಕಲ್ಲೇ. ಅಲ್ಲಿ ಎಣ್ಣೆ ಸಿಕ್ಕಿಲ್ಲ. ಭೀಮಾ ಪದರಗಳಲ್ಲಿ ಈಗ ಉಳಿದಿರುವ ದಪ್ಪ 300 ಮೀಟರಿನ ಆಸುಪಾಸು. ಬೇಯಲು ಬೇಕಾದ ಆಳ ಅಲ್ಲಿ ಎಂದಾದರೂ ಇತ್ತೇ ಎಂಬುದನ್ನು ಮೊದಲು ಕೇಳಬೇಕು.