ಬೀದರದ ಜೋಳದ ಹೊಲ ಮತ್ತು ಗಂದಮ್ ಹಕ್ಕಿ

ಎಳ್ಳಮಾವಾಸ್ಯೆಯಂದು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ-ರೊಟ್ಟಿ ಉಂಡು ಬರುವ ಬೀದರ, ಭಾಲ್ಕಿ, ಔರಾದ ಕಡೆಯ ವಿದ್ಯಾರ್ಥಿಗಳಿಗೆ ಜೋಳದ ತೆನೆಗೆ ಮುತ್ತುವ ಹಕ್ಕಿಗಳು ಹೊಸವೇನಲ್ಲ. ಆದರೆ ಅವೆಲ್ಲವೂ ಊರ ಗುಬ್ಬಿಗಳಲ್ಲ. ಗುಬ್ಬಿಗಿಂತ ತುಸು ದೊಡ್ಡದಾದ, ಹಳದಿ ಹೊಟ್ಟೆಯ, ದಪ್ಪ ಕೊಕ್ಕಿನ ಬಂಟಿಂಗ್ ಎಂಬ ದೂರದ ಅತಿಥಿಯೂ ಆ ಹಿಂಡಿನಲ್ಲಿರಬಹುದು.

ಇವುಗಳಲ್ಲಿ ಎರಡು ಜಾತಿ. ಕೆಂಪುತಲೆಯ ಬಂಟಿಂಗ್‌ನ ತವರು ಮಧ್ಯ ಏಷ್ಯಾದ ಬಯಲುಗಳು. ಕರಿತಲೆಯದು ಆಗ್ನೇಯ ಯೂರೋಪಿನಿಂದ ಇರಾನಿನವರೆಗಿನ ಪ್ರದೇಶದ್ದು. ಯೂರೋಪಿನ ಬಹಳಷ್ಟು ವಲಸೆ ಹಕ್ಕಿಗಳು ಚಳಿಗಾಲಕ್ಕೆ ಆಫ್ರಿಕಾ ಸೇರಿದರೆ, ಕರಿತಲೆಯದು ಪೂರ್ವಕ್ಕೆ ತಿರುಗಿ ಭಾರತಕ್ಕೆ ಬರುತ್ತದೆ. ಹಿಂದಿಯಲ್ಲಿ ಇದನ್ನು ‘ಗಂದಮ್’ ಎನ್ನುತ್ತಾರೆ. ಫಾರಸಿಯಲ್ಲಿ ಗಂದುಮ್ ಎಂದರೆ ಗೋಧಿ. ಹೆಸರು ಅಲ್ಲಿಂದಲೇ ಬಂದಿರಬೇಕು. ಬೀದರದಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನನೂ ಇರಾನಿನಿಂದ ಬಂದವನೇ ಅಲ್ಲವೇ!

ದಖನ್ನಿನ ಹಕ್ಕಿಗಳನ್ನು ಬರಹಕ್ಕೆ ಇಳಿಸಿದ ಮೊದಲಿಗರಲ್ಲಿ ಜರ್ಡನ್ ಎಂಬ ಸೇನಾವೈದ್ಯ ಪ್ರಮುಖ. ನಿಜಾಮನ ಸೀಮೆಯ ಜಾಲ್ನಾದಲ್ಲಿ ಕೆಲವು ವರ್ಷವಿದ್ದ ಆತ 1862-64ರಲ್ಲಿ ಭಾರತದ ಹಕ್ಕಿಗಳ ಬಗ್ಗೆ ಸಂಪುಟಗಳನ್ನು ಹೊರತಂದ. ಹೈದರಾಬಾದ್ ಸಂಸ್ಥಾನದ ಕ್ರಮಬದ್ಧ ಸಮೀಕ್ಷೆಗೆ ಮಾತ್ರ 1931-32ರವರೆಗೆ ಕಾಯಬೇಕಾಯಿತು. ಅದನ್ನು ನಡೆಸಿದವರು ಸಲೀಂ ಅಲಿ. ಆಗ ಅವರಿಗೆ ಸ್ಥಿರವಾದ ನೌಕರಿಯಿರಲಿಲ್ಲ. ಡೇರೆ, ಪ್ರಯಾಣಗಳ ವೆಚ್ಚ ಸಿಕ್ಕರೆ ಸಾಕು, ಸಂಬಳ ಬೇಡ ಎಂದು ಕೆಲಸಕ್ಕೆ ಮುಂದಾದರು. ಪತ್ನಿ ತೆಹಮೀನಾ ಜೊತೆಗೂಡಿದರು. ಅಂದಿನ ಪದ್ಧತಿಯಂತೆ ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟುತ್ತಿದ್ದರು. ಇಂಗ್ಲೆಂಡಿನಲ್ಲಿದ್ದ ನಿವೃತ್ತ ಪೊಲೀಸ್ ಅಧಿಕಾರಿ ಹ್ಯೂ ವಿಸ್ಲರ್ ಆ ಮಾದರಿಗಳನ್ನು ಪರಿಶೀಲಿಸಿದರು. ವರದಿಯು 1933ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಪ್ರಕಟವಾಯಿತು.

ಬೀದರ ಆಗ ಆ ಸಂಸ್ಥಾನದ ಜಿಲ್ಲೆ. 1956ರ ನವೆಂಬರ್ 1ರಂದು ಜಿಲ್ಲೆ ಒಡೆಯಿತು: ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್ ಕಡೆಯ ಭಾಗ ಆಂಧ್ರಕ್ಕೆ, ಬೀದರ, ಭಾಲ್ಕಿ, ಔರಾದ ಮೈಸೂರಿಗೆ ಸೇರಿದವು. ಹೀಗಾಗಿ ಇಲ್ಲಿನ ಹಕ್ಕಿಗಳ ಹಳೆಯ ಚರಿತ್ರೆಯನ್ನು ಮೈಸೂರಿನ ಕಾಗದಪತ್ರಗಳಲ್ಲಿ ಹುಡುಕಿ ಫಲವಿಲ್ಲ. ಹೈದರಾಬಾದಿನ ಸಮೀಕ್ಷೆಯನ್ನೇ ತೆರೆಯಬೇಕು.

ಹಕ್ಕಿಗಳನ್ನು ಗುರುತಿಸಲು ವಸಂತವೇ ತಕ್ಕ ಕಾಲ. ಚಳಿಗಾಲದಲ್ಲಿ ಗಂಡಿನ ತಲೆಯ ಕಪ್ಪನ್ನು ಗರಿಗಳ ಮಾಸಲು ಅಂಚು ಮರೆಮಾಡಿರುತ್ತದೆ. ಅಂಚು ಸವೆದಂತೆ ಮಾರ್ಚ್ ಹೊತ್ತಿಗೆ ಅಚ್ಚ ಕಪ್ಪು ತಲೆ, ಕಂದುಗೆಂಪು ಬೆನ್ನು, ಹಳದಿ ಎದೆ ಎದ್ದು ಕಾಣುತ್ತವೆ. ರಾಶಿ ಮುಗಿದ ಹೊಲದ ಬದುವಿನ ಜಾಲಿಮರಗಳನ್ನು ಮುಂಜಾನೆ ನೋಡಬೇಕು. ಎರಡೂ ಜಾತಿಯ ಹೆಣ್ಣುಗಳು ಮಣ್ಣಿನ ಬಣ್ಣದವು. ಅವನ್ನು ಬೇರ್ಪಡಿಸಿ ಹೇಳುವುದು ಪಳಗಿದವರಿಗೂ ಕಷ್ಟ. ಮಾರ್ಚ್-ಏಪ್ರಿಲ್‌ನಲ್ಲಿ ಇವು ಹೊರಟುಬಿಡುತ್ತವೆ. ಹೊರಡುವ ಕಾಲವನ್ನು ತಿಳಿಸುವುದು ಹಗಲಿನ ಉದ್ದ. ಬನಾರಸ್ ಹಿಂದೂ ವಿಶ್ವವಿದ್ಯಾಲಯವೂ ಸೇರಿದಂತೆ ನಮ್ಮ ದೇಶದಲ್ಲೇ ಈ ಹಕ್ಕಿಯ ಮೇಲೆ ಪ್ರಯೋಗಗಳು ನಡೆದಿವೆ. ಕೃತಕ ದೀಪದಿಂದ ಹಗಲನ್ನು ಹಿಗ್ಗಿಸಿದರೆ ಪಂಜರದ ಹಕ್ಕಿಗೂ ಮೈಯಲ್ಲಿ ಕೊಬ್ಬು ಕೂಡಿ, ರಾತ್ರಿಯೆಲ್ಲ ಚಡಪಡಿಕೆ ಶುರುವಾಗುತ್ತದೆ.

ಬೀದರದ ಹೊಲ ಮಾತ್ರ ಅಂದಿನಂತಿಲ್ಲ. ಮುಂಗಾರಿಗೆ ಸೋಯಾ ವ್ಯಾಪಕವಾಗಿ ಬಂದಿದೆ. ಕಪ್ಪುನೆಲದ ಹಿಂಗಾರಿನಲ್ಲಿ ಕಡಲೆಯಿದೆ. ತೆನೆಯ ಮೇಲೆ ಕುಳಿತು ಕಾಳು ಬಿಡಿಸುವ ಹಕ್ಕಿಗೆ ಇವು ಜೋಳದ ಬದಲಿಯಾಗಲಾರವು ಎಂದು ನನಗನಿಸುತ್ತದೆ. ಆದರೆ ಹಿಂಡು ಎಷ್ಟು ಕುಗ್ಗಿದೆ ಎಂದು ಹೇಳಲು ಹಿಂದಿನ ಲೆಕ್ಕ ಬೇಕಲ್ಲ? ಮಾದರಿಗೆ ಕಟ್ಟಿದ ಚೀಟಿಯಲ್ಲಿ ಊರು, ದಿನಾಂಕ, ಗಂಡೋ ಹೆಣ್ಣೋ ಎಂಬುದು ಇರುತ್ತದೆ. ಹಿಂಡಿನ ಗಾತ್ರವಾಗಲಿ, ರೈತ ಕಳೆದುಕೊಂಡ ಜೋಳವಾಗಲಿ ಇರುವುದಿಲ್ಲ. ಅದನ್ನು ಬಲ್ಲವರು ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸಿದವರು. ಹುಡುಗರಾಗಿದ್ದಾಗ ಆ ಕೆಲಸ ಮಾಡಿದ ಅಜ್ಜಂದಿರು ಔರಾದ, ಭಾಲ್ಕಿಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಹಳದಿ ಹಕ್ಕಿ ಯಾವ ಹಬ್ಬದ ಹೊತ್ತಿಗೆ ಬರುತ್ತಿತ್ತು, ಯುಗಾದಿಗೆ ಮುಂಚೆಯೇ ಹೋಗುತ್ತಿತ್ತೇ ಎಂದು ಅವರನ್ನು ಕೇಳಬಹುದು.