ಉಪಖನಿಜಗಳ ಮೇಲಿನ ರಾಜಧನ ಮತ್ತು ತೆರಿಗೆ: ಚಿಕ್ಕಬಳ್ಳಾಪುರ ಜಿಲ್ಲೆಯ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯು ಗ್ರಾನೈಟ್ ಮತ್ತು ನೈಸ್ ಶಿಲೆಗಳಿಂದ ಕೂಡಿದ ಪ್ರದೇಶವಾಗಿದೆ. ಇಲ್ಲಿನ ಕಟ್ಟಡ ಕಲ್ಲು, ಜಲ್ಲಿ ಮತ್ತು ಎಂ-ಸ್ಯಾಂಡ್ ಸ್ಥಳೀಯ ಕಾಮಗಾರಿಗಳಿಗೂ ಬೆಂಗಳೂರಿನ ನಿರ್ಮಾಣಗಳಿಗೂ ಪೂರೈಕೆಯಾಗುತ್ತವೆ. ಈ ಕಲ್ಲಿನ ಮೇಲೆ ಸರ್ಕಾರಕ್ಕೆ ಸಂದಾಯವಾಗುವ ಮೊತ್ತದ ಸ್ವರೂಪವನ್ನೂ, ಅದರ ಕುರಿತ ಚರ್ಚೆಯನ್ನೂ ಇಲ್ಲಿ ಸಂಕ್ಷಿಪ್ತವಾಗಿ ವಿವರಿಸಲಾಗಿದೆ.

ರಾಜಧನ ಎಂದರೇನು?

ಗಣಿ ಮತ್ತು ಖನಿಜಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1957ರ ಪ್ರಕಾರ ಕಟ್ಟಡ ಕಲ್ಲು, ಗ್ರ್ಯಾವೆಲ್, ಸಾಮಾನ್ಯ ಜೇಡಿಮಣ್ಣು ಮತ್ತು ಸಾಮಾನ್ಯ ಮರಳು ಉಪಖನಿಜಗಳಾಗಿವೆ. ಇವುಗಳ ಬಗ್ಗೆ ನಿಯಮ ರಚಿಸುವ ಅಧಿಕಾರವನ್ನು 15ನೇ ಪ್ರಕರಣವು ರಾಜ್ಯಗಳಿಗೆ ನೀಡಿದೆ. ಅದರಂತೆ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು, 1994 ಜಾರಿಯಲ್ಲಿವೆ. ಗುತ್ತಿಗೆದಾರರು ಹೊರತೆಗೆದ ಖನಿಜಕ್ಕೆ ಪ್ರತಿಯಾಗಿ ನೀಡುವ ಮೊತ್ತವೇ ರಾಜಧನ.

ರಾಜಧನವು ತೆರಿಗೆಯೇ?

ಈ ಪ್ರಶ್ನೆಯು ಮೂರು ದಶಕಗಳಿಗೂ ಹೆಚ್ಚು ಕಾಲ ವಿವಾದದಲ್ಲಿತ್ತು. 1989ರ ಇಂಡಿಯಾ ಸಿಮೆಂಟ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ 7 ನ್ಯಾಯಮೂರ್ತಿಗಳ ಪೀಠವು ರಾಜಧನವು ತೆರಿಗೆ ಎಂದು ಹೇಳಿತ್ತು. 2004ರ ಕೇಸೋರಾಮ್ ಪ್ರಕರಣದಲ್ಲಿ 5 ನ್ಯಾಯಮೂರ್ತಿಗಳ ಪೀಠವು ಇದಕ್ಕೆ ಭಿನ್ನವಾದ ನಿಲುವು ತಳೆಯಿತು. 2024ರ ಜುಲೈ 25ರಂದು 9 ನ್ಯಾಯಮೂರ್ತಿಗಳ ಪೀಠವು 8:1ರ ಬಹುಮತದಿಂದ, ರಾಜಧನವು ತೆರಿಗೆಯಲ್ಲ, ಗುತ್ತಿಗೆಯ ಒಪ್ಪಂದದಿಂದ ಉಂಟಾಗುವ ಪ್ರತಿಫಲ ಎಂದು ತೀರ್ಪು ನೀಡಿತು. ಸಂವಿಧಾನದ ರಾಜ್ಯ ಪಟ್ಟಿಯ 50ನೇ ನಮೂದಿನಂತೆ ಖನಿಜ ಹಕ್ಕುಗಳ ಮೇಲೆಯೂ, 49ನೇ ನಮೂದಿನಂತೆ ಖನಿಜವುಳ್ಳ ಭೂಮಿಯ ಮೇಲೆಯೂ ರಾಜ್ಯಗಳು ತೆರಿಗೆ ವಿಧಿಸಬಹುದೆಂದು ಅದು ತಿಳಿಸಿತು. ಆದ್ದರಿಂದ ಒಂದೇ ಗಣಿಯಿಂದ ರಾಜಧನ ಪಡೆಯುವುದರ ಜೊತೆಗೆ ಪ್ರತ್ಯೇಕ ತೆರಿಗೆಯನ್ನೂ ವಿಧಿಸಲು ರಾಜ್ಯಗಳಿಗೆ ಅವಕಾಶವಿದೆ.

ತೀರ್ಪಿನ ನಂತರ ತಮಿಳುನಾಡಿನಲ್ಲಿ ಖನಿಜವುಳ್ಳ ಭೂಮಿಯ ಮೇಲಿನ ತೆರಿಗೆಯು 2025ರ ಏಪ್ರಿಲ್ 4ರಿಂದ ಜಾರಿಗೆ ಬಂದಿತು. ಕರ್ನಾಟಕ ವಿಧಾನಮಂಡಲವು ಖನಿಜ ಹಕ್ಕುಗಳು ಮತ್ತು ಖನಿಜವುಳ್ಳ ಭೂಮಿಯ ತೆರಿಗೆ ವಿಧೇಯಕವನ್ನು 2024ರ ಡಿಸೆಂಬರ್‌ನಲ್ಲಿ ಅಂಗೀಕರಿಸಿತು. ಯಾವುದೇ ವಿಧೇಯಕವು ಅಂಕಿತ ದೊರೆತ ನಂತರವೇ ಕಾನೂನಾಗುತ್ತದೆ.

ಪರ ಮತ್ತು ವಿರುದ್ಧ ವಾದಗಳು

ತೆಗೆದ ಕಲ್ಲು ಮತ್ತೆ ಬೆಳೆಯುವುದಿಲ್ಲ. ಆದುದರಿಂದ ಅದರ ಆದಾಯದಲ್ಲಿ ರಾಜ್ಯಕ್ಕೆ ಹೆಚ್ಚಿನ ಪಾಲು ಸಲ್ಲಬೇಕೆಂಬುದು ತೆರಿಗೆಯ ಪರವಾದ ವಾದ. ಭಾರದ ಟಿಪ್ಪರ್‌ಗಳಿಂದ ಗ್ರಾಮೀಣ ರಸ್ತೆಗಳು ಹಾಳಾಗುತ್ತವೆ. ಶಿಡ್ಲಘಟ್ಟ, ಚಿಂತಾಮಣಿ ಭಾಗದ ರೇಷ್ಮೆ ಬೆಳೆಗಾರರಿಗೆ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕುಳಿತ ಧೂಳು ನಷ್ಟಕ್ಕೆ ಕಾರಣವಾಗುತ್ತದೆ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸ್ಫೋಟಗೊಂಡು 6 ಮಂದಿ ಮೃತಪಟ್ಟರು. ಇಂತಹ ಹಾನಿಯ ವೆಚ್ಚವು ಕಲ್ಲಿನ ಬೆಲೆಯಲ್ಲಿ ಸೇರಿರುವುದಿಲ್ಲ.

ತೆರಿಗೆಯ ಹೊರೆಯು ಅಂತಿಮವಾಗಿ ಮನೆ ಕಟ್ಟುವವರ ಮೇಲೆ ಬೀಳುತ್ತದೆಂಬುದು ಪ್ರತಿವಾದ. ಗೌರಿಬಿದನೂರು ಮತ್ತು ಚಿಂತಾಮಣಿ ತಾಲ್ಲೂಕುಗಳು ಆಂಧ್ರಪ್ರದೇಶದ ಗಡಿಯಲ್ಲಿರುವುದರಿಂದ, ದರ ವ್ಯತ್ಯಾಸವು ಹೆಚ್ಚಿದಲ್ಲಿ ವ್ಯಾಪಾರವು ಗಡಿಯಾಚೆ ಸರಿಯಬಹುದು ಹಾಗೂ ಪರವಾನಗಿ ರಹಿತ ಸಾಗಣೆಗೆ ಆಸ್ಪದವಾಗಬಹುದು. ರಾಜ್ಯಗಳ ನಡುವೆ ಅನಾರೋಗ್ಯಕರ ಸ್ಪರ್ಧೆ ಉಂಟಾಗಬಹುದೆಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು 2024ರ ಭಿನ್ನ ತೀರ್ಪಿನಲ್ಲಿ ಎಚ್ಚರಿಸಿದ್ದಾರೆ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ಜಮೀನು ಸ್ವಂತದ್ದಾಗಿದ್ದರೂ ವಾಣಿಜ್ಯ ಉದ್ದೇಶಕ್ಕೆ ಕಲ್ಲು ತೆಗೆಯಲು ಅನುಮತಿ ಅಗತ್ಯ. ಅರ್ಜಿಯನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಸಲ್ಲಿಸತಕ್ಕದ್ದು. ಪರಿಸರ ಅನುಮತಿಯನ್ನೂ ಪಡೆಯತಕ್ಕದ್ದು.

2. ಜಲ್ಲಿ ಅಥವಾ ಎಂ-ಸ್ಯಾಂಡ್ ಖರೀದಿಸುವವರು ಖನಿಜ ಸಾಗಣೆ ಪರವಾನಗಿಯ ಪ್ರತಿಯನ್ನು ಕೇಳಿ ಪಡೆಯುವುದು ಸೂಕ್ತ. ಸರ್ಕಾರಿ ಕಾಮಗಾರಿಗಳಲ್ಲಿ ರಾಜಧನ ಪಾವತಿಯ ದಾಖಲೆ ಇಲ್ಲದಿದ್ದಲ್ಲಿ ಆ ಮೊತ್ತವನ್ನು ಗುತ್ತಿಗೆದಾರರ ಬಿಲ್ಲಿನಿಂದ ಕಡಿತ ಮಾಡಲಾಗುತ್ತದೆ.

3. ಅನುಮತಿ ಇಲ್ಲದೆ ಗಣಿಗಾರಿಕೆ ನಡೆಸುವುದು 1957ರ ಅಧಿನಿಯಮದ 21ನೇ ಪ್ರಕರಣದಂತೆ 5 ವರ್ಷಗಳವರೆಗಿನ ಕಾರಾಗೃಹ ವಾಸ ಮತ್ತು ಹೆಕ್ಟೇರಿಗೆ 5 ಲಕ್ಷ ರೂಪಾಯಿಗಳವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧ.

4. 2015ರ ತಿದ್ದುಪಡಿಯಂತೆ ಗಣಿಬಾಧಿತರ ಹಿತಕ್ಕಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ರಚಿಸಲಾಗಿದೆ. ಬಾಧಿತ ಗ್ರಾಮಸ್ಥರು ಕುಡಿಯುವ ನೀರು, ಆರೋಗ್ಯ ಮತ್ತು ಶಿಕ್ಷಣದ ಕಾಮಗಾರಿಗಳ ಬೇಡಿಕೆಯನ್ನು ಗ್ರಾಮ ಪಂಚಾಯಿತಿಯ ಮೂಲಕ ಸಲ್ಲಿಸಬಹುದು.

5. ರಾಜಧನದ ದರಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುತ್ತವೆ. ಅರ್ಜಿದಾರರು ಹಣ ಪಾವತಿಸುವ ಮುನ್ನ ಪ್ರಚಲಿತ ಅಧಿಸೂಚನೆಯನ್ನು ಪರಿಶೀಲಿಸತಕ್ಕದ್ದು.